ಬ್ಯಾಕ್‌ಸ್ಪೇಸ್, ಡಿಲೀಟ್, ಇರೇಸ್: ಮೂರಕ್ಕೂ ‘ಅಳಿಸು’ ಸಾಕೇ?

ಪ್ರಶ್ನೆ: ಕೇರಳದ ಶಾಲೆಗಳಲ್ಲಿ ಲಿನಕ್ಸ್ ಇರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಟರ್ಮಿನಲ್ (ಆದೇಶಗಳನ್ನು ಟೈಪಿಸುವ ಕಿಟಕಿ) ಎದುರಾಗುತ್ತದೆ. ಅವರಿಗಾಗಿ ಟಿಪ್ಪಣಿ ಬರೆಯುವಾಗ ಬ್ಯಾಕ್‌ಸ್ಪೇಸ್, ಡಿಲೀಟ್ ಕೀಲಿಗಳಿಗೂ, ಟರ್ಮಿನಲ್ಲಿನ ಹೊಂದಿಕೆಗಳನ್ನು ನೋಡುವ, ಬದಲಿಸುವ ‘ಎಸ್‌ಟಿಟಿವೈ’ ಆದೇಶದಲ್ಲಿ ಬರುವ ‘ಇರೇಸ್’ಗೂ ‘ಅಳಿಸು’ ಎಂದೇ ಆಗುತ್ತಿದೆ. ‘ಅಳಿಸು ಒತ್ತಿದರೆ ಅಳಿಯದಿದ್ದಲ್ಲಿ ಅಳಿಸು ಬದಲಿಸಿ’ ಎಂದರೆ ಓದುವವರ ಗತಿಯೇನು? ಬೇರೆ ಪದಗಳಿದ್ದರೆ ತಿಳಿಸಿ.

ಉತ್ತರ: ಮೂರೂ ಒಂದೇ ಜಾತಿಯವಲ್ಲ ಸರ್. ಮೊದಲೆರಡು ಕೀಲಿಗಳು, ಮೂರನೆಯದು ಕೆಲಸ. ನಡುವೆ ಸಂಕೇತ ಎಂಬುದೊಂದಿದೆ, ಎಡವಟ್ಟಾಗುವುದು ಅಲ್ಲೇ. ಯಾವ ಕೀಲಿ ಒತ್ತಿದಿರೆಂದು ಟರ್ಮಿನಲ್ಲಿನೊಳಗೆ ಓಡುವ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಅದಕ್ಕೆ ತಲುಪುವುದು ಬೈಟುಗಳು, ಅಂದರೆ 0ರಿಂದ 255ರವರೆಗಿನ ಸಂಖ್ಯೆಗಳು, ಮಾತ್ರ.

ಬ್ಯಾಕ್‌ಸ್ಪೇಸ್ ಕೆಲವು ಟರ್ಮಿನಲ್‌ಗಳಲ್ಲಿ 127 ಕಳಿಸುತ್ತದೆ, ಕೆಲವದರಲ್ಲಿ 8, ಅಂದರೆ ಕಂಟ್ರೋಲ್-ಎಚ್. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 127ರ ಹೆಸರೇ ‘ಡಿಲೀಟ್’! ಆದರೆ ಡಿಲೀಟ್ ಎಂದು ಅಚ್ಚಾದ ಕೀಲಿ ಸಾಮಾನ್ಯವಾಗಿ ಕಳಿಸುವುದು ನಾಲ್ಕು ಬೈಟು: ಎಸ್ಕೇಪ್, ಚೌಕ ಆವರಣ, 3, ಟಿಲ್ಡೆ (~). ಹಾಗಾಗಿ ಕೀಲಿಯ ಹೆಸರನ್ನು ಅನುವಾದಿಸಲೇಬಾರದು ಎಂಬುದು ನನ್ನ ಅಭಿಪ್ರಾಯ. ‘ಬ್ಯಾಕ್‌ಸ್ಪೇಸ್ ಕೀಲಿ’, ‘ಡಿಲೀಟ್ ಕೀಲಿ’ ಎಂದೇ ಇರಲಿ. ಎಸ್‌ಟಿಟಿವೈಯ ಇರೇಸ್ ಹೇಳುವುದು ಅಳಿಸುವ ಕೆಲಸಕ್ಕೆ ಗೊತ್ತುಮಾಡಿದ ಬೈಟನ್ನು, ಅದಕ್ಕೆ ‘ಅಳಿಸುವ ಸಂಕೇತ’ ಎನ್ನಿ. ‘ಅಳಿಸು’ ಬರೀ ಕ್ರಿಯಾಪದವಾಗಿ ಉಳಿಯುತ್ತದೆ. ‘ಗುಂಡಿ’ ಬೇಡ, ಅದು ತೆರೆಯ ಮೇಲಿನ ಬಟನ್ನಿಗೆ ಇರಲಿ.

ಈಗ ನಿಮ್ಮ ವಾಕ್ಯ ಹೀಗಾಗುತ್ತದೆ: ‘ಬ್ಯಾಕ್‌ಸ್ಪೇಸ್ ಕೀಲಿ ಕಳಿಸುವ ಬೈಟೂ ಅಳಿಸುವ ಸಂಕೇತವೂ ಒಂದೇ ಆಗಿರದಿದ್ದರೆ ಸಂಕೇತವನ್ನು ಬದಲಿಸಿ.’ ಬದಲಿಸುವುದು ಸುಲಭ. ‘ಎಸ್‌ಟಿಟಿವೈ ಇರೇಸ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ಜಾಗ ಬಿಟ್ಟು, ಕಂಟ್ರೋಲ್-ವಿ ಒತ್ತಿ (ಮುಂದಿನ ಕೀಲಿ ಅಳಿಸದೆ ತನ್ನ ಬೈಟನ್ನೇ ಸಾಲಿಗೆ ಸೇರಿಸಲು), ಆಮೇಲೆ ಬ್ಯಾಕ್‌ಸ್ಪೇಸ್, ಕೊನೆಗೆ ಎಂಟರ್. ಈಗ ಏನಿದೆಯೆಂದು ನೋಡಲು ‘ಎಸ್‌ಟಿಟಿವೈ’ ಮುಂದೆ ‘-ಎ’ ಹಾಕಿದರಾಯಿತು. ಪರೀಕ್ಷೆಯನ್ನು ಮಾತ್ರ ಬ್ಯಾಶ್‌ನಲ್ಲಿ, ಅಂದರೆ ಟರ್ಮಿನಲ್ಲಿನಲ್ಲಿ ಆದೇಶ ಪಡೆಯುವ ಪ್ರೋಗ್ರಾಮಿನಲ್ಲಿ, ಮಾಡಬೇಡಿ. ಅದು 8, 127 ಎರಡಕ್ಕೂ ಅಳಿಸಿಬಿಡುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ಟೈಪಿಸಿದ ಸಾಲನ್ನು ಹಾಗೇ ಮರಳಿ ತೋರಿಸುವ ‘ಕ್ಯಾಟ್’ ಆದೇಶ ಓಡಿಸಿ ನಾಲ್ಕಕ್ಷರ ಹೊಡೆದು ಅಳಿಸಿ ನೋಡಿ, ಬಯಲಾಗುತ್ತದೆ.

ಇನ್ನೊಂದು ಮಾತು. ಟಿಪ್ಪಣಿಯಲ್ಲಿ ‘ಒಂದಕ್ಷರ ಅಳಿಯುತ್ತದೆ’ ಎಂದು ಬರೆಯುವ ಮುಂಚೆ ಯೋಚಿಸಿ. ‘ಕಾಸರಗೋಡು’ ನಮಗೆ ಐದಕ್ಷರ. ಸ್ವರಚಿಹ್ನೆಗಳನ್ನೂ ಬೇರೆಯಾಗಿ ಎಣಿಸುವ ಯೂನಿಕೋಡಿಗೆ ಎಂಟು, ಅದನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ 24 ಬೈಟು. ‘ಐಯುಟಿಎಫ್8’ ಎಂಬ ಎಸ್‌ಟಿಟಿವೈ ಆಯ್ಕೆ ಚಾಲೂ ಇದ್ದರೆ ಕ್ಯಾಟ್‌ನಲ್ಲಿ ಮೊದಲ ಒತ್ತಿಗೆ ‘ಡು’ವಿನ ಉಕಾರ ಮಾತ್ರ ಹೋಗುತ್ತದೆ. ಇಲ್ಲದಿದ್ದರೆ ಉಕಾರದ ಮೂರು ಬೈಟುಗಳಲ್ಲಿ ಒಂದು ಹೋಗಿ, ಉಳಿದೆರಡು ಕಸವಾಗಿ ಸಾಲಿನಲ್ಲೇ ಕೂರುತ್ತವೆ.