ಕ್ಯೂಬಾಕ್ಕಾಗಿ ಹೂಡಿದ ಯುದ್ಧದಲ್ಲಿ ಫಿಲಿಪೀನ್ಸ್ ಏಕೆ ಕೈಸೇರಿತು?

ಪ್ರಶ್ನೆ:
1898ರ ಸ್ಪೇನ್–ಅಮೆರಿಕ ಯುದ್ಧದ ಬಗ್ಗೆ ಓದುವಾಗ ಒಂದು ಸಂಗತಿ ಬಿಡಿಸಲಾಗದ ಗಂಟಾಗಿ ಉಳಿದಿದೆ. ಫೆಬ್ರವರಿಯಲ್ಲಿ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇನ್’ ಯುದ್ಧನೌಕೆ ಸ್ಫೋಟಗೊಂಡಿತು, ಏಪ್ರಿಲ್‌ನಲ್ಲಿ ಸ್ಪೇನಿನ ಆಳ್ವಿಕೆಯಿಂದ ಕ್ಯೂಬನ್ನರ ವಿಮೋಚನೆಯ ಹೆಸರಿನಲ್ಲಿ ಯುದ್ಧ ಆರಂಭವಾಯಿತು, ಆಗಸ್ಟ್ 12ಕ್ಕೆ ಕದನವಿರಾಮವೂ ಆಯಿತು. ಆದರೆ ಡಿಸೆಂಬರಿನ ಪ್ಯಾರಿಸ್ ಒಪ್ಪಂದದಲ್ಲಿ ಅಮೆರಿಕಕ್ಕೆ ಸೇರಿದ್ದು ಪೋರ್ಟೊ ರಿಕೊ, ಗುವಾಮ್ ಮತ್ತು ಫಿಲಿಪೀನ್ಸ್, ಕ್ಯೂಬಾ ಸೇರಲಿಲ್ಲ. ಇದಕ್ಕೆ ಕಾರಣವೇನು?

ಉತ್ತರ 1:
ಕ್ಯೂಬಾದ ಮಟ್ಟಿಗೆ ಅಮೆರಿಕದ ಕಾಂಗ್ರೆಸ್ಸು ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತ್ತು. ಆ ದ್ವೀಪವನ್ನು ತನ್ನದಾಗಿಸಿಕೊಳ್ಳುವ ಉದ್ದೇಶವಿಲ್ಲವೆಂದು ಯುದ್ಧಕ್ಕೆ ಮುನ್ನವೇ ಟೆಲ್ಲರ್ ತಿದ್ದುಪಡಿಯ ಮೂಲಕ ಸಾರಿತ್ತು. ಸ್ಪೇನಿನದೇ ವಸಾಹತಾಗಿದ್ದ ಫಿಲಿಪೀನ್ಸ್ ವಿಷಯದಲ್ಲಿ ಅಂಥ ಮಾತನ್ನು ಯಾರೂ ಕೊಟ್ಟಿರಲಿಲ್ಲ. ಮೇ 1ರಂದು ಅಮೆರಿಕದ ನೌಕಾಧಿಕಾರಿ ಡ್ಯೂಯಿಯ ನೌಕಾದಳ ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ಹಡಗುಗಳನ್ನು ಕೆಲವೇ ಗಂಟೆಗಳಲ್ಲಿ ನಾಶಮಾಡಿತು. ಜೂನ್ 12ರಂದು ಫಿಲಿಪಿನೊ ಬಂಡಾಯದ ನಾಯಕ ಅಗಿನಾಲ್ಡೊ ಫಿಲಿಪೀನ್ಸ್ ಸ್ವತಂತ್ರವೆಂದು ಘೋಷಿಸಿದರು. ಆದರೆ ಆಗಸ್ಟ್ 13ರಂದು, ಸ್ಪೇನಿನ ಅಧಿಕಾರಿಗಳೊಡನೆ ಮೊದಲೇ ಮಾತಾಡಿಕೊಂಡು ನಡೆಸಿದ ತೋರಿಕೆಯ ಕಾಳಗದಲ್ಲಿ, ಮನಿಲಾ ನಗರ ಅಮೆರಿಕನ್ನರಿಗೆ ಶರಣಾಯಿತು. ನಗರವನ್ನು ಮುತ್ತಿದ್ದ ಫಿಲಿಪಿನೊ ಸೈನಿಕರನ್ನು ಒಳಗೆ ಬಿಡದಿರುವುದು ಆ ನಾಟಕದ ಒಂದು ಷರತ್ತಾಗಿತ್ತು. (ಕದನವಿರಾಮವಾಗಿ ಒಂದು ದಿನ ಕಳೆದಿದ್ದರೂ ಸುದ್ದಿ ಅಲ್ಲಿಗೆ ತಲುಪಿರಲಿಲ್ಲ, ಸಮುದ್ರದಡಿಯ ತಂತಿಯನ್ನು ಡ್ಯೂಯಿಯೇ ಕತ್ತರಿಸಿಹಾಕಿದ್ದನು.) ಕೊನೆಗೆ 2 ಕೋಟಿ ಡಾಲರ್ ಸ್ಪೇನಿಗೆ ಸಂದಾಯವಾಯಿತು, ದ್ವೀಪಗಳು ಕೈಬದಲಾದವು, ಫಿಲಿಪಿನೊ ಜನರನ್ನು ಯಾರೂ ಕೇಳಲಿಲ್ಲ.

ಉತ್ತರ 2:
ಕೆಲವೇ ತಿಂಗಳುಗಳಲ್ಲಿ ಮುಗಿದುದರಿಂದ ಇದನ್ನು ಕಿರು ಯುದ್ಧವೆಂದು ಕರೆಯುವುದುಂಟು, ಅದಕ್ಕೆ ನನ್ನ ಆಕ್ಷೇಪವಿದೆ. 1899ರ ಫೆಬ್ರವರಿ 4ರಂದು ಮನಿಲಾದ ಹೊರವಲಯದಲ್ಲಿ ಅಮೆರಿಕನ್ ಮತ್ತು ಫಿಲಿಪಿನೊ ಪಡೆಗಳ ನಡುವೆ ಗುಂಡು ಹಾರಿತು. ಎರಡು ದಿನಗಳ ನಂತರ ಸೆನೆಟ್ 57–27 ಮತಗಳಿಂದ, ಅಂದರೆ ಅಗತ್ಯವಾದ ಮೂರನೇ ಎರಡರಷ್ಟಕ್ಕಿಂತ ಒಂದೇ ಮತ ಹೆಚ್ಚು ಪಡೆದು, ಒಪ್ಪಂದವನ್ನು ಅಂಗೀಕರಿಸಿತು. ಆ ಎರಡನೆಯ ಯುದ್ಧ ಮುಗಿಯಿತೆಂದು ಅಮೆರಿಕ ಘೋಷಿಸಿದ್ದು 1902ರ ಜುಲೈ 4ರಂದು. ಸ್ಪೇನಿನೊಡನೆ ನಡೆದ ಕಾದಾಟದಲ್ಲಿ ಮಡಿದ ಅಮೆರಿಕನ್ನರು 400ಕ್ಕೂ ಕಡಿಮೆ. ಫಿಲಿಪೀನ್ಸ್‌ನಲ್ಲಿ, ರೋಗದಿಂದ ಸತ್ತವರನ್ನೂ ಸೇರಿಸಿದರೆ, 4,000ಕ್ಕೂ ಹೆಚ್ಚು. ಫಿಲಿಪಿನೊ ಜನರ ಸಾವುಗಳು ಇದರ ಎಷ್ಟೋ ಪಟ್ಟು.

ಉತ್ತರ 3:
ಕ್ಯೂಬಾ ಸೇರಲಿಲ್ಲವೆಂಬುದೂ ಕಾಗದದ ಮೇಲಷ್ಟೇ ಪೂರ್ತಿ ನಿಜ. 1901ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅಂಗೀಕರಿಸಿದ ಪ್ಲಾಟ್ ತಿದ್ದುಪಡಿ ಅಲ್ಲಿ ಮಧ್ಯಪ್ರವೇಶಿಸುವ ಹಕ್ಕನ್ನು ಅಮೆರಿಕಕ್ಕೆ ಕೊಟ್ಟಿತು, ಕ್ಯೂಬನ್ನರು ಅದನ್ನು ತಮ್ಮ ಸಂವಿಧಾನದಲ್ಲೇ ಸೇರಿಸಬೇಕಾಯಿತು. 1934ರಲ್ಲಿ ಆ ಹಕ್ಕು ರದ್ದಾದರೂ, 1903ರಲ್ಲಿ ಗುತ್ತಿಗೆಗೆ ಪಡೆದ ಗ್ವಾಂಟನಾಮೊ ನೌಕಾನೆಲೆಯನ್ನು ಅಮೆರಿಕ ಇಂದಿಗೂ ಬಿಟ್ಟಿಲ್ಲ.