ಹಳೇ ಸಿಡಿ ಪ್ಲೇಯರ್: ರಿಪೇರಿಯೋ, ಹೊಸದೋ?

ಕಾಫಿತೋಟ: ನಮ್ಮನೆ ಸ್ಟೀರಿಯೋದ ಸಿಡಿ ಪ್ಲೇಯರ್‌ಗೆ ಇಪ್ಪತ್ತು ವರ್ಷ ದಾಟಿದೆ. ಈಗೀಗ ಟ್ರೇ ಅರ್ಧಕ್ಕೇ ನಿಲ್ಲುತ್ತೆ, ಡಿಸ್ಕಿನ ಕೊನೇ ಹಾಡುಗಳಲ್ಲಿ ಎಗರುತ್ತೆ. ಆಂಪ್ಲಿಫೈಯರ್, ಸ್ಪೀಕರ್ ಗಟ್ಟಿಮುಟ್ಟಾಗಿವೆ. ಹೊಸದು ತರಲಾ?

ಫ್ಲಾಕ್_ಭಟ್ರು: ಪ್ಲೇಯರ್ರೇ ಯಾಕ್ರೀ? ಲ್ಯಾಪ್‌ಟಾಪಿಗೆ ಯುಎಸ್‌ಬಿ ಸಿಡಿ ಡ್ರೈವ್ ಚುಚ್ಚಿ ಎಲ್ಲಾ ಸಿಡಿನೂ ಫ್ಲಾಕ್‌ಗೆ (ಗುಣಮಟ್ಟ ಕಳೆಯದ ಆಡಿಯೋ ಫೈಲ್) ಇಳಿಸಿ. ಸಿಡಿಯಲ್ಲಿರೋ 16 ಬಿಟ್, 44.1 ಕಿಲೋಹರ್ಟ್ಸ್ ಹಾಗೇ ಉಳಿಯುತ್ತೆ, ಏನೂ ಕಳೆಯಲ್ಲ.

ಕಾಫಿತೋಟ: ಎರಡು ಕಪಾಟು ಸಿಡಿ ಇದೆ ಸ್ವಾಮಿ! ನಿವೃತ್ತಿ ಆದ್ಮೇಲೆ ನೋಡೋಣ.

ಸೋಲ್ಡರ್_ಕೈ: ರೋಗ ನೋಡದೇ ಮದ್ದು ಬರೀಬೇಡಿ. ಟ್ರೇ ನಿಲ್ಲೋದು ಬಹುತೇಕ ರಬ್ಬರ್ ಬೆಲ್ಟ್ ಸಡಿಲಾಗಿ, ಚಿಲ್ಲರೆ ಕಾಸಿನ ಕೆಲಸ. ಎಗರೋದರಲ್ಲೂ ಸುಳಿವಿದೆ: ಸಿಡಿಯನ್ನ ಒಳಗಿನಿಂದ ಹೊರಕ್ಕೆ ಓದೋದು. ಮೊದಲ ಹಾಡು ಸರಿಯಿದ್ದು ಕೊನೇದು ಮಾತ್ರ ಕೆಟ್ಟರೆ, ಪಿಕಪ್ (ಲೇಸರ್, ಲೆನ್ಸ್ ಇರೋ ಓದುವ ಭಾಗ) ಜಾರೋ ಕಂಬಿ ಮೇಲಿನ ಗ್ರೀಸ್ ಗಟ್ಟಿಯಾಗಿರಬಹುದು. ಲೇಸರ್ ಸೋತಿದ್ರೆ ಡಿಸ್ಕ್ ಗುರುತಿಸೋಕೇ ಒದ್ದಾಡುತ್ತೆ. ಮನೇಲಿ ಬರ್ನ್ ಮಾಡಿದ ಸಿಡಿ-ಆರ್ ಹಾಕಿ ನೋಡಿ. ಅದು ಬೆಳಕನ್ನ ಕಡಿಮೆ ಪ್ರತಿಫಲಿಸುತ್ತೆ, ದುರ್ಬಲ ಲೇಸರ್ ಮೊದಲು ಅಲ್ಲೇ ಸಿಕ್ಕಿಬೀಳೋದು.

ಗಾಂಧಿಬಜಾರ್: ಹೇಳೋದು ಸುಲಭ. ಪಿಕಪ್ಪೇ ಹೋಗಿದ್ರೆ? ಕೆಎಸ್‌ಎಸ್-213 ಪಿಕಪ್ ಅಂತ ಮಾರೋದರಲ್ಲಿ ನಕಲಿ ಬೇಕಾದಷ್ಟಿದೆ. ಹೊಸದಾದ್ರೆ ವಾರಂಟಿ, ರಿಮೋಟ್, ನೆಮ್ಮದಿ. ಧ್ವನಿಯೂ ಸುಧಾರಿಸುತ್ತೆ.

ಸೋಲ್ಡರ್_ಕೈ: ಧ್ವನಿ ವಿಷಯ ಒಪ್ಪಲ್ಲ. 16 ಬಿಟ್‌ನ ಡೈನಾಮಿಕ್ ರೇಂಜ್, ಅಂದ್ರೆ ಅತಿ ಮೆಲು ಮತ್ತು ಅತಿ ಜೋರು ಧ್ವನಿಯ ಅಂತರ, ಸುಮಾರು 96 ಡೆಸಿಬೆಲ್. ಸೀಲಿಂಗ್ ಫ್ಯಾನ್ ತಿರುಗೋ ಹಾಲ್‌ನಲ್ಲಿ ಅಷ್ಟನ್ನೂ ಯಾವ ಕಿವಿ ಕೇಳುತ್ತೆ?

ರಾಗಪ್ರಿಯ_ಧಾರವಾಡ: ಹಳೇದಕ್ಕ ಹೊರಗಿನ ಡಿಎಸಿ (ಡಿಜಿಟಲ್ ಸಿಗ್ನಲನ್ನ ಅನಲಾಗ್ ಮಾಡೋ ಪೆಟ್ಟಿಗಿ) ಹಚ್ಚಿದ್ರ ಹೆಂಗ? ಹಿಂದ ಕೊಆಕ್ಸಿಯಲ್ ಡಿಜಿಟಲ್ ಔಟ್ ಇರ್ತದಲ್ಲ.

ಸೋಲ್ಡರ್_ಕೈ: ಎಗರೋ ರೋಗಕ್ಕೆ ಅದು ಮದ್ದಲ್ಲ. ಓದುವಾಗಲೇ ತಪ್ಪಿದ್ದು ಡಿಎಸಿಗೂ ತಪ್ಪಾಗೇ ಹೋಗುತ್ತೆ.

ಗಾಂಧಿಬಜಾರ್: ಜಪಾನಿನ ಸೆಕೆಂಡ್ ಹ್ಯಾಂಡ್ ಮಾಲಿನ ಆಸೆಗೂ ಬೀಳಬೇಡಿ. ಅಲ್ಲಿ 100 ವೋಲ್ಟ್, ಇಲ್ಲಿ 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೇ ಚುಚ್ಚಿದ್ರೆ ಹೊಗೆ.

ಕಾಫಿತೋಟ: ಸಿಡಿ-ಆರ್ ಹಾಕಿದೆ, ತಕ್ಷಣ ಗುರುತಿಸಿತು. ಕೊನೇ ಟ್ರ್ಯಾಕ್‌ನಲ್ಲಿ ಮಾತ್ರ ಅದೇ ಕುಣಿತ.

ಸೋಲ್ಡರ್_ಕೈ: ಹಾಗಾದ್ರೆ ಲೇಸರ್ ಬದುಕಿದೆ. ಪ್ಲಗ್ ಕಿತ್ತು ಮುಚ್ಚಳ ಬಿಚ್ಚಿ. ಕರೆಂಟ್ ಇರುವಾಗ ಲೆನ್ಸ್ ದಿಟ್ಟಿಸಬೇಡಿ. 780 ನ್ಯಾನೋಮೀಟರ್ ಲೇಸರ್ ಕಣ್ಣಿಗೆ ಸರಿಯಾಗಿ ಕಾಣಲ್ಲ, ಆದ್ರೆ ಕಣ್ಣು ಕೆಡಿಸುತ್ತೆ.

ಫ್ಲಾಕ್_ಭಟ್ರು: ಅದಾದ್ರೂ ಮಾಡಿ, ಆದ್ರೆ ಬರ್ನ್ ಮಾಡಿದ್ದ ಡಿಸ್ಕ್‌ಗಳನ್ನಾದ್ರೂ ಮೊದಲು ಇಳಿಸಿಕೊಳ್ಳಿ. ಅವುಗಳ ಡೈ (ರೆಕಾರ್ಡ್ ಆಗೋ ಬಣ್ಣದ ಪದರ) ಮಾಸುತ್ತೆ, ಆಮೇಲೆ ಯಾವ ಪ್ಲೇಯರ್ ಇದ್ದೂ ಪ್ರಯೋಜನ ಇಲ್ಲ.

ಕಾಫಿತೋಟ: ಇದನ್ನ ಒಪ್ಪಿದೆ ಭಟ್ರೇ. ಮಗಳ ಶಾಲೆ ಕಾರ್ಯಕ್ರಮದ ರೆಕಾರ್ಡಿಂಗ್ ಎಲ್ಲಾ ಅದರಲ್ಲೇ ಇದೆ. ಭಾನುವಾರ ಬೆಲ್ಟ್, ಗ್ರೀಸ್ ಎರಡೂ ನೋಡ್ತೀನಿ. ಹಳೇ ಗ್ರೀಸ್ ತೆಗೆಯೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕಾ?

ಸೋಲ್ಡರ್_ಕೈ: ಕಂಬಿಗೆ ಸಾಕು. ಗ್ರೀಸ್ ಮೆತ್ತಿದ ಬಟ್ಟೇನಾ ಲೆನ್ಸ್ ಹತ್ರ ಒಯ್ಯಬೇಡಿ.