ಹಳೆ ಬಟ್ಟೆಯ ಚೀಲ: ಹೊಲಿಗೆ ಪಕ್ಕದಲ್ಲೇ ಪಿಸಿಯುತ್ತಿದೆ, ಸಮಯದ ಲೆಕ್ಕವೂ ಕೂಡುತ್ತಿಲ್ಲ

ತುಂಡುಬಟ್ಟೆ:
ಎಲ್ಲರಿಗೂ ನಮಸ್ಕಾರ. ಹಳೆ ಜೀನ್ಸ್, ಹತ್ತಿ ಬೆಡ್‌ಶೀಟ್, ಶರ್ಟುಗಳಿಂದ ಕೈಚೀಲ, ದಿಂಬಿನ ಕವರು, ಮಸಿಬಟ್ಟೆ ಹೊಲಿದು ಮಾರುವ ಸಣ್ಣ ಉದ್ಯಮ ನಮ್ಮದು. ಇಬ್ಬರು ಕೆಲಸಗಾರರು, ಎರಡು ಮಿಷಿನ್. ಮೂರು ತೊಂದರೆಗಳಿವೆ.

ಮೊದಲನೆಯದು, ಜೀನ್ಸ್ ಚೀಲಗಳು ಎರಡೇ ತಿಂಗಳಲ್ಲಿ ವಾಪಸ್ ಬರುತ್ತಿವೆ. ದಾರ ಗಟ್ಟಿಯಾಗೇ ಇರುತ್ತದೆ, ಹೊಲಿಗೆಯ ಪಕ್ಕದ ಬಟ್ಟೆ ಪಿಸಿದಿರುತ್ತದೆ. ಎರಡನೆಯದು, ಒಂದೇ ಅಳತೆಗೆ ಕತ್ತರಿಸಿದ ಚೀಲ ಒಗೆದ ಮೇಲೆ ಒಂದು ಬದಿಗೆ ತಿರುಚಿಕೊಳ್ಳುತ್ತದೆ. ಮೂರನೆಯದು, ಒಂದು ಚೀಲಕ್ಕೆ ಹತ್ತಿರ ಹತ್ತಿರ ಒಂದೂವರೆ ಗಂಟೆ ಹಿಡಿಯುತ್ತಿದೆ. ಬಟ್ಟೆ ಪುಕ್ಕಟೆ ಸಿಕ್ಕರೂ ಬೆಲೆ ಹೊಂದುತ್ತಿಲ್ಲ. ಎಲ್ಲಿಂದ ಸರಿಮಾಡುತ್ತಾ ಬರಬೇಕು?

ಹಾಸುಹೊಕ್ಕು:
ದಾರ ಉಳಿದು ಬಟ್ಟೆ ಹೋಗುತ್ತಿದೆ ಎಂದರೆ ತಪ್ಪು ಹೆಚ್ಚಾಗಿ ಬಟ್ಟೆ ಆರಿಸುವಾಗಲೇ ಆಗಿದೆ. ಜೀನ್ಸಿನಲ್ಲಿ ಕೂರುವ ಭಾಗ, ತೊಡೆಯ ಒಳಬದಿ, ಮಂಡಿ, ಈ ಮೂರೂ ಸವೆದಿರುತ್ತವೆ. ಮಂಡಿಯ ಕೆಳಗಿನ ಭಾಗ ಗಟ್ಟಿ. ಬೆಡ್‌ಶೀಟಿನಲ್ಲಿ ನಡುಭಾಗ ತೆಳುವಾಗಿರುತ್ತದೆ, ಅಂಚು ಚೆನ್ನಾಗಿರುತ್ತದೆ. ಶರ್ಟಿನಲ್ಲಿ ಕಾಲರು, ಮೊಣಕೈ, ಕಂಕುಳು ಬಿಟ್ಟುಬಿಡಿ. ಬೆನ್ನಿನ ಭಾಗವೇ ನಿಮಗೆ ಸಿಗುವ ದೊಡ್ಡ ತುಂಡು.

ಪರೀಕ್ಷೆ ಎರಡು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸಾಮಾನ್ಯ ನೀಲಿ ಜೀನ್ಸಿನಲ್ಲಿ ಹಾಸಿನ ಎಳೆ (ಉದ್ದಕ್ಕೆ ಓಡುವುದು) ನೀಲಿ, ಹೊಕ್ಕಿನ ಎಳೆ (ಅಡ್ಡಕ್ಕೆ ಓಡುವುದು) ಬಿಳಿ. ನೀಲಿ ಸವೆದು ಬಿಳಿ ಎಳೆಗಳು ಏಣಿಯ ಮೆಟ್ಟಿಲಿನ ಹಾಗೆ ಕಾಣುತ್ತಿದ್ದರೆ ಆ ಜಾಗದ ಆಯಸ್ಸು ಮುಗಿದಿದೆ ಅಂತ. ಆಮೇಲೆ ಎರಡೂ ಹೆಬ್ಬೆರಳನ್ನು ಎರಡು ಸೆಂಟಿಮೀಟರ್ ಅಂತರದಲ್ಲಿ ಒತ್ತಿ ಹಿಡಿದು ಪಟ್ಟನೆ ಎಳೆಯಿರಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ. ಎಳೆ ಸಣ್ಣಗೆ ಚಿಟಚಿಟ ಅಂದರೆ ಚೀಲಕ್ಕೆ ಬೇಡ. ಇದನ್ನು ಒಗೆದ ಮೇಲೆಯೇ ಮಾಡಿ, ಗಂಜಿ ಹಾಕಿದ ಬಟ್ಟೆ ಒಗೆಯುವ ಮುಂಚೆ ಸುಳ್ಳು ಗಟ್ಟಿತನ ತೋರಿಸುತ್ತದೆ.

ತಿರುಚಿಕೊಳ್ಳುವುದಕ್ಕೆ ಕಾರಣ ಎಳೆಯ ದಿಕ್ಕು. ಜೀನ್ಸಿನ ನೇಯ್ಗೆ ಓರೆಗೆರೆಯದ್ದು, ಒಗೆದಂತೆಲ್ಲ ಕಾಲು ತಿರುಗುತ್ತದೆ. ಪಕ್ಕದ ಹೊಲಿಗೆ ನೇರ ಇದೆ ಅಂದುಕೊಂಡು ಅದರ ಗುಂಟ ಅಚ್ಚು (ಕತ್ತರಿಸಲು ಇಡುವ ಅಳತೆಯ ರಟ್ಟು) ಇಟ್ಟರೆ ಓರೆಯಾಗಿ ಕತ್ತರಿಸಿದ ಹಾಗೆಯೇ. ಅಂಚಿನಿಂದ ಒಂದು ನೀಲಿ ಎಳೆ ಎಳೆದು, ಅದು ಬಿಟ್ಟ ಗೆರೆಗೆ ಅಚ್ಚು ಹೊಂದಿಸಿ. ಹಿಗ್ಗುವ ಜೀನ್ಸ್ ಬೇರೆ ರಾಶಿಗೆ ಹೋಗಲಿ. ಅಡ್ಡಕ್ಕೆ ಎಳೆದಾಗ 10 ಸೆಂ.ಮೀ. ಬಟ್ಟೆ 11 ದಾಟಿ ಮತ್ತೆ ಮೊದಲಿನಂತಾದರೆ ಅದರಲ್ಲಿ ಇಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ಎಳೆ) ಇದೆ. ಒಂದು ಬದಿ ಹಿಗ್ಗುವುದು, ಇನ್ನೊಂದು ಬದಿ ಹಿಗ್ಗದ್ದು ಸೇರಿಸಿದರೆ ಆ ಚೀಲ ಎಂದೂ ಸಮ ಕೂರುವುದಿಲ್ಲ.

ಕತ್ತರಿಸುವ ಮುಂಚೆ ಒಗೆಯಲೇಬೇಕು. ಬರೀ ಹತ್ತಿಯಾದರೆ 60 ಡಿಗ್ರಿ ನೀರು, ಕುಗ್ಗುವುದಿದ್ದರೆ ಅಲ್ಲೇ ಕುಗ್ಗಿಹೋಗಲಿ. ಹಿಗ್ಗುವ ಬಟ್ಟೆಗೆ 40 ಸಾಕು. ಗಾಢ ಬಣ್ಣದ ಮೇಲೆ ಒದ್ದೆ ಬಿಳಿ ಬಟ್ಟೆ ಉಜ್ಜಿ ನೋಡಿ, ಬಣ್ಣ ಹತ್ತಿದರೆ ತಿಳಿ ಬಣ್ಣದ ಪಕ್ಕ ಹೊಲಿಯಬೇಡಿ. ದಪ್ಪ ಹೊಲಿಗೆಯೊಳಗೆ ತೇವ ಉಳಿದೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಆ ಮುಗ್ಗಲು ವಾಸನೆ ಒಂದು ಜೀನ್ಸಿನಿಂದ ಇಡೀ ಮೂಟೆಗೆ ಹರಡುತ್ತದೆ.

ಹದಿನಾರರ ಸೂಜಿ:
ಮೇಲಿನದೆಲ್ಲ ಸರಿ, ಆದರೆ ಹೊಲಿಗೆಯನ್ನೂ ಒಮ್ಮೆ ನೋಡಿ. ಟಾಂಕ, ಅಂದರೆ ಸೂಜಿಯ ಒಂದು ತೂತಿನಿಂದ ಮುಂದಿನ ತೂತಿನವರೆಗಿನ ಹೊಲಿಗೆ, ಎರಡು ಮಿಲಿಮೀಟರ್ ಇಟ್ಟಿದ್ದೀರಾ? ಸಣ್ಣ ಟಾಂಕ ಗಟ್ಟಿ ಅನ್ನುವುದು ಹೊಸ ಬಟ್ಟೆಯ ಮಾತು. ಸವೆದ ಬಟ್ಟೆಯಲ್ಲಿ ಸೂಜಿ ಹತ್ತಿರ ಹತ್ತಿರ ತೂತು ಮಾಡಿದರೆ ಅಂಚೆ ಚೀಟಿಯ ಹಾಳೆಯ ಹಾಗೆ ಆ ಗೆರೆಯಲ್ಲೇ ಹರಿಯುತ್ತದೆ. ಜೀನ್ಸಿಗೆ 3ರಿಂದ 3.5 ಮಿ.ಮೀ. ಇಡಿ, ಹೊಲಿಗೆಯಾಚೆ ಅಂಚು 1.5 ಸೆಂ.ಮೀ. ಬಿಡಿ.

ಸೂಜಿಯ ನಂಬರು (ದೊಡ್ಡದಾದಷ್ಟೂ ಸೂಜಿ ದಪ್ಪ): ಎರಡು ಪದರಕ್ಕೆ 90/14, ಹೆಚ್ಚಿನ ಕೆಲಸಕ್ಕೆ 100/16, ಹಿಡಿ ಕೂರಿಸುವಾಗ 110/18. ಜೀನ್ಸ್ ಸೂಜಿ ಅಂತಲೇ ಕೇಳಿ ತನ್ನಿ. ಎಂಟು ಗಂಟೆ ಹೊಲಿದ ಸೂಜಿಯನ್ನು ಬದಲಾಯಿಸಿಬಿಡಿ. ಮೊಂಡಾದ ಸೂಜಿ ಎಳೆಗಳ ನಡುವೆ ದಾರಿ ಬಿಡಿಸಿಕೊಳ್ಳುವುದಿಲ್ಲ, ಎಳೆಯನ್ನೇ ಕಡಿಯುತ್ತದೆ, ಟಾಂಕವನ್ನೂ ತಪ್ಪಿಸುತ್ತದೆ. ದಾರ ಪಾಲಿಯೆಸ್ಟರ್ ಇರಲಿ.

ಹಿಡಿಯೇ ಮೊದಲು ಹರಿಯುವ ಜಾಗ. ಹಿಡಿ ಕೂರುವ ಕಡೆ ಒಳಗಿನಿಂದ 5×5 ಸೆಂ.ಮೀ. ಗಟ್ಟಿ ಜೀನ್ಸ್ ತುಂಡು ಇಟ್ಟು, ಅದರ ಮೇಲೆ ಚೌಕ ಹೊಲಿದು, ಒಳಗೆ ಮೂಲೆಯಿಂದ ಮೂಲೆಗೆ ಗುಣಿಸು ಗುರುತು ಹಾಕಿ. ಭಾರ ಒಂದೇ ಗೆರೆಯ ಮೇಲೆ ಬೀಳುವುದು ತಪ್ಪುತ್ತದೆ.

ಎರಡು ದಪ್ಪ ಹೊಲಿಗೆ ಒಂದರ ಮೇಲೊಂದು ಬರುವಲ್ಲಿ ಮಿಷಿನ್ ಹತ್ತುವುದಿಲ್ಲ, ಸೂಜಿ ಮುರಿಯುತ್ತದೆ. ಆ ಗಂಟನ್ನು ಮರದ ಹಲಗೆಯ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕು ಏಟು ಕೊಡಿ, ಅಗಲವಾಗುತ್ತದೆ. ಮಿಷಿನ್ನಿನ ಪಾದ ಗಂಟನ್ನು ಏರುವಾಗ ಮುಂಭಾಗ ಮೇಲಕ್ಕೆದ್ದು ಓರೆಯಾಗುತ್ತದೆ. ಹಿಂಭಾಗದ ಕೆಳಗೆ ಅಷ್ಟೇ ದಪ್ಪದ ರಟ್ಟು ಮಡಚಿ ಕೊಟ್ಟರೆ ಪಾದ ಸಮವಾಗುತ್ತದೆ. ಆ ನಾಲ್ಕೈದು ಟಾಂಕ ಕೈಚಕ್ರ ತಿರುಗಿಸಿಯೇ ಹಾಕಿ.

ನಿಮಿಷದ ಲೆಕ್ಕ:
ಮೂರನೆಯ ತೊಂದರೆಗೆ ಬರುತ್ತೇನೆ. ಒಂದು ಚೀಲಕ್ಕೆ ಒಟ್ಟು ಎಷ್ಟು ಹೊತ್ತು ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಹತ್ತು ಚೀಲ ಒಟ್ಟಿಗೆ ಮಾಡಿ, ಪ್ರತಿ ಹಂತದ ಹೊತ್ತು ಬರೆದು ಹತ್ತರಿಂದ ಭಾಗಿಸಿ. ಉದಾಹರಣೆಗೆ: ಆರಿಸುವುದು 4 ನಿಮಿಷ, ಒಗೆತ 3, ಹೊಲಿಗೆ ಬಿಚ್ಚುವುದು 15, ಕತ್ತರಿಸುವುದು 10, ಹೊಲಿಯುವುದು 35, ಇಸ್ತ್ರಿ ಮತ್ತು ದಾರ ಕತ್ತರಿಸುವುದು 8, ಫೋಟೊ ತೆಗೆದು ವಿವರ ಬರೆಯುವುದು 10. ಒಟ್ಟು 85. ಇದರಲ್ಲಿ ಹೊಲಿಗೆ ಅರ್ಧವೂ ಇಲ್ಲ ನೋಡಿ. ಹೊಲಿಯುವವರನ್ನು ಅವಸರಪಡಿಸಿ ಪ್ರಯೋಜನವಿಲ್ಲ.

ಮೊದಲು ಹೊಲಿಗೆ ಬಿಚ್ಚುವುದನ್ನು ನಿಲ್ಲಿಸಿ. ಹೊಲಿಗೆಯ ಪಕ್ಕದಲ್ಲೇ ಕತ್ತರಿ ಓಡಿಸಿದರೆ ಪ್ರತಿ ಬದಿಗೆ ಒಂದು ಸೆಂಟಿಮೀಟರ್‌ನಷ್ಟು ಬಟ್ಟೆ ಹೋಗುತ್ತದೆ, 15 ನಿಮಿಷ 3ಕ್ಕೆ ಇಳಿಯುತ್ತದೆ. ಕತ್ತರಿಸಿ ತೆಗೆದ ದಪ್ಪ ಹೊಲಿಗೆಯ ಪಟ್ಟಿಯೇ ನಿಮಗೆ ಚೀಲದ ಹಿಡಿ.

ಎರಡನೆಯದು, ಅಚ್ಚು. ಒಂದೊಂದು ಚೀಲ ಒಂದೊಂದು ಅಳತೆಗೆ ಮಾಡುವುದೇ ಸಮಯ ತಿನ್ನುವುದು. ಬಣ್ಣ, ಬಟ್ಟೆ ಬದಲಾಗಲಿ, ಅಳತೆ ಬದಲಾಗಬಾರದು. 12 ಸೆಂ.ಮೀ. ಚೌಕದ ಗಟ್ಟಿ ರಟ್ಟಿನ ಅಚ್ಚು ಮಾಡಿಕೊಳ್ಳಿ. ಎಲ್ಲ ಬದಿಗೂ 1 ಸೆಂ.ಮೀ. ಹೊಲಿಗೆಗೆ ಹೋದರೆ 10 ಉಳಿಯುತ್ತದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 16 ಚೌಕ ಸೇರಿದರೆ 42 ಸೆಂ.ಮೀ. ಬರುತ್ತದೆ, ಹೊರ ಅಂಚು ಹೊಲಿದ ಮೇಲೆ 40. ಎರಡು ಬದಿಗೆ 32 ಚೌಕ. ಸೇರಿಕೆ ಹೆಚ್ಚು, ನಿಜ. ಆದರೆ ಜೋಡಿಗಳನ್ನು ದಾರ ಕತ್ತರಿಸದೆ ಒಂದರ ಹಿಂದೊಂದು ಓಡಿಸಿ ಕೊನೆಗೆ ಒಟ್ಟಿಗೆ ಬಿಡಿಸಿಕೊಂಡರೆ ಕೈ ಸಾಗುತ್ತದೆ, ಅಂಗೈಯಗಲದ ತುಂಡೂ ಬಳಕೆಗೆ ಬರುತ್ತದೆ. ಚೌಕ ಹೊಲಿಗೆ ತೆಳು ಜೀನ್ಸ್, ಶರ್ಟಿಗೆ ಚೆಂದ. ದಪ್ಪ ಜೀನ್ಸಿಗೆ ಮೂರೇ ಅಗಲ ಪಟ್ಟಿ ಸಾಕು, ಇಲ್ಲದಿದ್ದರೆ ಮೂಲೆಗಳು ಗಡ್ಡೆಕಟ್ಟುತ್ತವೆ.

ಇನ್ನು ಪುಕ್ಕಟೆ ಬಟ್ಟೆ ಅಂದಿರಿ. ಅದು ಪುಕ್ಕಟೆಯಲ್ಲ. 20 ಕೆ.ಜಿ. ಮೂಟೆ ಬಂತು, ಆರಿಸಿದ ಮೇಲೆ 12 ಉಳಿಯಿತು, ಕತ್ತರಿಸಿದ ಮೇಲೆ 7 ಸಿಕ್ಕಿತು ಅಂತಿಟ್ಟುಕೊಳ್ಳಿ. ಸಾಗಣೆ, ನೀರು, ಸೋಪು, ಆರಿಸಿದವರ ಕೂಲಿ ಎಲ್ಲ ಸೇರಿಸಿ 7ರಿಂದ ಭಾಗಿಸಬೇಕು, 20ರಿಂದಲ್ಲ. ಅದು ಒಂದು ಕೆ.ಜಿ.ಯ ನಿಜವಾದ ಬೆಲೆ. ಅದಕ್ಕೆ ನಿಮಿಷದ ಕೂಲಿ, ದಾರ, ಜಿಪ್, ಲೈನಿಂಗು, ಬಾಡಿಗೆ ಮತ್ತು ಕರೆಂಟಿನ ಪಾಲು, ವಾಪಸ್ ಬರುವ ಚೀಲಗಳ ಪಾಲು ಕೂಡಿಸಿ. ಅಂಗಡಿಯ ಮೂಲಕ ಮಾರುವುದಾದರೆ ಅವರ ಕಮಿಷನ್ ಕಳೆದ ಮೇಲೂ ಈ ಮೊತ್ತ ನಿಮ್ಮ ಕೈಗೆ ಬರಬೇಕು.

ತುಂಡುಬಟ್ಟೆ:
ತುಂಬಾ ಉಪಕಾರವಾಯಿತು. ಟಾಂಕ 2 ಮಿ.ಮೀ.ನಲ್ಲೇ ಇತ್ತು, ಇವತ್ತೇ ಬದಲಾಯಿಸಿದೆ. ಇನ್ನೆರಡು ಪ್ರಶ್ನೆ. ಮಸಿಬಟ್ಟೆಗೆ ಯಾವ ಬಟ್ಟೆ ಆಗಬಹುದು? ವಿನೆಗರ್ ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಯೇ?

ಹಾಸುಹೊಕ್ಕು:
ವಿನೆಗರ್‌ನಿಂದ ಹತ್ತಿಯ ಬಣ್ಣ ನಿಲ್ಲುವುದಿಲ್ಲ. ಬಿಡುವ ಬಣ್ಣವನ್ನು ಮತ್ತೆ ಮತ್ತೆ ಒಗೆದೇ ತೆಗೆಯಬೇಕು. ಮೂರು ಸಲ ಒಗೆದರೂ ನೀರು ಬಣ್ಣ ತಿರುಗಿದರೆ ಆ ಬಟ್ಟೆ ಅದೇ ಬಣ್ಣದವುಗಳ ಜೊತೆ ಮಾತ್ರ.

ಮಸಿಬಟ್ಟೆಗೆ ಬರೀ ಹತ್ತಿ. ಇದರಲ್ಲಿ ರಾಜಿ ಬೇಡ, ಕೈ ಸುಡುತ್ತದೆ. ಪಾಲಿಯೆಸ್ಟರ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅನುಮಾನವಿದ್ದರೆ ಹಾಸಿನದೊಂದು, ಹೊಕ್ಕಿನದೊಂದು ಎಳೆ ತೆಗೆದು ಬೇರೆ ಬೇರೆಯಾಗಿ, ಲೋಹದ ತಟ್ಟೆಯ ಮೇಲೆ ಚಿಮಟದಲ್ಲಿ ಹಿಡಿದು ಸುಡಿ, ಪಕ್ಕದಲ್ಲಿ ನೀರಿರಲಿ. ಹತ್ತಿ ಕಾಗದದ ವಾಸನೆ ಬಿಟ್ಟು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುರಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ. ಬೂದಿಯ ಜೊತೆ ಮಣಿಯೂ ಸಿಕ್ಕರೆ ಮಿಶ್ರಣ, ಅದು ದಿಂಬಿನ ಕವರಿಗೆ ಹೋಗಲಿ. ಒಳಗೆ ತುಂಬುವ ಪದರ ಮತ್ತು ದಾರವೂ ಹತ್ತಿಯದೇ ಇರಬೇಕು. ಇದೊಂದು ಕಡೆ ಪಾಲಿಯೆಸ್ಟರ್ ದಾರ ಬೇಡ. ಹಳೆ ಟವೆಲಿನ ಎರಡು ಪದರ ಒಳಗಿಟ್ಟರೆ ಚೆನ್ನಾಗಿ ತಡೆಯುತ್ತದೆ, ಒಣಗಿದ್ದಾಗ ಮಾತ್ರ. ಒದ್ದೆಯಾದರೆ ಬಿಸಿ ಒಮ್ಮೆಲೇ ಕೈಗೆ ದಾಟುತ್ತದೆ, ಮಾರುವಾಗ ಹಾಕುವ ವಿವರದ ಚೀಟಿಯಲ್ಲಿ ಅದನ್ನೂ ಬರೆಯಿರಿ.

ನಿಮಿಷದ ಲೆಕ್ಕ:
ಚೀಟಿಯ ಮಾತು ಬಂತಲ್ಲ: ಪರೀಕ್ಷೆ ಮಾಡದ ಬಟ್ಟೆಗೆ "100% ಹತ್ತಿ" ಅಂತ ಹಾಕಬೇಡಿ. "ಮರುಬಳಕೆಯ ಬಟ್ಟೆ, ಎಳೆಯ ಮಿಶ್ರಣ ಗೊತ್ತಿಲ್ಲ, ತಣ್ಣೀರಲ್ಲಿ ಒಗೆಯಿರಿ" ಅಂತ ಬರೆದರೆ ಕೊಂಡವರು ಒಪ್ಪುತ್ತಾರೆ. ಜೀನ್ಸಿನ ಕಂಪನಿ ಹೆಸರಿರುವ ಪಟ್ಟಿ, ಗುಂಡಿಗಳನ್ನು ತೆಗೆದುಬಿಡಿ. ಚೀಲ ಆ ಕಂಪನಿಯದೇ ಅನ್ನಿಸಿದರೆ ಟ್ರೇಡ್‌ಮಾರ್ಕ್ ತಕರಾರು ಬರಬಹುದು.